ಬೆಟ್ಟದ ಕಾಫಿ, ಬೆಂಗಳೂರಿನ ಒಡಂಬಡಿಕೆ: ವಿಶ್ವವಿದ್ಯಾಲಯಗಳ ಜಾಗತಿಕ ಸಹಭಾಗಿತ್ವದಲ್ಲಿ ಮಲೆನಾಡಿನ ಪಾಲೆಷ್ಟು?

ಚಿಕ್ಕಮಗಳೂರಿನಿಂದ ಮುತ್ತೋಡಿಯ ಕಾಡಿನತ್ತ ಸಾಗುವ ದಾರಿಯಲ್ಲಿ ಸಿಗುವ ಮಲ್ಲಂದೂರು, ಹೊರಗಿನವರ ಕಣ್ಣಿಗೆ ಕಾಫಿ ತೋಟಗಳ ನಡುವಣ ಒಂದು ಸಣ್ಣ ಊರು ಮಾತ್ರ. ಆದರೆ ಊರಿನ ಬೆನ್ನಿಗೆ ನಿಂತಿರುವುದು ಬಾಬಾಬುಡನ್‌ಗಿರಿಯ ಶ್ರೇಣಿ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಬೆಟ್ಟದಲ್ಲಿ ಬಿತ್ತಿದರೆಂಬುದು ಪ್ರತೀತಿ. ಅದು ಐತಿಹ್ಯವೇ ಇರಲಿ, ಇತಿಹಾಸವೇ ಇರಲಿ, ಒಂದು ಮಾತಂತೂ ನಿಜ. ಈ ನೆಲದ ಜನರ ಬದುಕಿಗೆ ಆಧಾರವಾಗಿರುವ ಬೆಳೆ ಕಡಲಾಚೆಯಿಂದ ಬಂದದ್ದು. ಬೆಳೆದ ಫಸಲಿನ ಬಹುಪಾಲು ಮತ್ತೆ ಕಡಲಾಚೆಗೇ ಹೋಗುತ್ತದೆ. ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು. ಇಟಲಿ, ಜರ್ಮನಿ, ಬೆಲ್ಜಿಯಂ, ರಷ್ಯಾಗಳು ಅದರ ಪ್ರಮುಖ ಗಿರಾಕಿಗಳು.

ಆದುದರಿಂದ ‘ಅಂತಾರಾಷ್ಟ್ರೀಯ ಸಹಭಾಗಿತ್ವ’ ಎಂಬ ಪದ ಈ ಬೆಟ್ಟಗಳಿಗೆ ಹೊಸದೇನಲ್ಲ. ಹೊಸದಾಗಿರುವುದು, ಆ ಪದ ರಾಜ್ಯದ ವಿಶ್ವವಿದ್ಯಾಲಯಗಳ ಸಭಾಂಗಣಗಳಲ್ಲಿ ಪಡೆದುಕೊಂಡಿರುವ ಮಹತ್ವ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಉನ್ನತ ಶಿಕ್ಷಣದ ಅಂತಾರಾಷ್ಟ್ರೀಕರಣವನ್ನು ಒಂದು ಗುರಿಯಾಗಿ ಘೋಷಿಸಿದ ಮೇಲೆ ವಿದೇಶಿ ವಿಶ್ವವಿದ್ಯಾಲಯಗಳೊಡನೆ ಒಡಂಬಡಿಕೆಗೆ ಸಹಿ ಹಾಕುವುದು ಕುಲಪತಿಗಳ ಸಾಧನಾ ಪಟ್ಟಿಯಲ್ಲಿ ಸೇರಬೇಕಾದ ಅಂಶವಾಗಿದೆ. ಸಹಿ ಬೀಳುತ್ತದೆ, ಛಾಯಾಚಿತ್ರ ಪ್ರಕಟವಾಗುತ್ತದೆ. ಆನಂತರ ಆ ಕಾಗದಕ್ಕೆ ಏನಾಗುತ್ತದೆ ಎಂಬ ವಿಚಾರಣೆ ಮಾತ್ರ ಅಪರೂಪ. ಈ ವಿಚಾರಣೆಗೆ ಚಿಕ್ಕಮಗಳೂರಿನ ಕಾಫಿ ಸೀಮೆಗಿಂತ ಒಳ್ಳೆಯ ಉದಾಹರಣೆ ರಾಜ್ಯದಲ್ಲಿ ಸಿಗಲಾರದು. ಏಕೆಂದರೆ ಇಲ್ಲಿ ಶತಮಾನ ಕಾಲದ ಅನುಭವವಿದೆ. ಫಲ ಕೊಟ್ಟ ಸಹಯೋಗಗಳೂ ಇವೆ, ಅರ್ಧಕ್ಕೆ ನಿಂತವೂ ಇವೆ.

ರೋಗ ಕಲಿಸಿದ ಸಹಕಾರ

ಸಹಯೋಗದ ಕಥೆ ಆರಂಭವಾಗುವುದು ಒಂದು ರೋಗದಿಂದ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಆ ದ್ವೀಪದ ಕಾಫಿ ಕೃಷಿಯನ್ನು ನಾಮಾವಶೇಷ ಮಾಡಿತು. ಅಲ್ಲಿನ ತೋಟಗಳು ಚಹಾಕ್ಕೆ ತಿರುಗಿದವು. ಅದೇ ರೋಗ ಮೈಸೂರು ಮತ್ತು ಕೊಡಗಿನ ತೋಟಗಳಿಗೂ ಹಬ್ಬಿ, ‘ಚಿಕ್’ ಎಂದು ಕರೆಯಲಾಗುತ್ತಿದ್ದ ಹಳೆಯ ತಳಿಯನ್ನು ಬಲಿ ತೆಗೆದುಕೊಂಡಿತು. ಬೆಳೆಗಾರರು ತಳಿ ಬದಲಿಸಿದರು. ಕೆಲಕಾಲದ ನಂತರ ಹೊಸ ತಳಿಗೂ ರೋಗ ತಗುಲಿತು.

ಈ ಹಂತದಲ್ಲಿ ಮೈಸೂರು ಸಂಸ್ಥಾನ ವಿಜ್ಞಾನದ ಮೊರೆಹೊಕ್ಕಿತು. 1908ರಲ್ಲಿ ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್, ಟೊರಾಂಟೊ ಹಾಗೂ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯಗಳಲ್ಲಿ ಓದಿದವರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಮಲೆನಾಡಿನಲ್ಲಿ ಬಳಕೆಗೆ ತಂದವರಲ್ಲಿ ಅವರು ಪ್ರಮುಖರು. ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕರೂ ಆದರು. ಕಾಫಿಯ ಎಲೆರೋಗಗಳ ಅಧ್ಯಯನಕ್ಕಾಗಿ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಘಟಕವೊಂದು ಆರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. 1940ರ ದಶಕದಲ್ಲಿ ಕಾಫಿ ಮಂಡಳಿಯ ಅಧೀನಕ್ಕೆ ಬಂದ ಆ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ನೂರು ವರ್ಷ ಪೂರೈಸಿರುವ ಈ ಸಂಸ್ಥೆ ಜಗತ್ತಿನ ಹಳೆಯ ಕಾಫಿ ಸಂಶೋಧನಾ ಕೇಂದ್ರಗಳ ಸಾಲಿಗೆ ಸೇರುತ್ತದೆ.

ಬಾಳೆಹೊನ್ನೂರಿನಲ್ಲಿ ದುಡಿದ ವಿಜ್ಞಾನಿ ವಿಲ್ಸನ್ ಮೇನ್ 1932ರಲ್ಲಿ ಒಂದು ಮಹತ್ವದ ಸಂಗತಿಯನ್ನು ಜಗತ್ತಿನ ಮುಂದಿಟ್ಟರು. ತುಕ್ಕು ರೋಗದ ಶಿಲೀಂಧ್ರ ಒಂದೇ ಬಗೆಯದಲ್ಲ. ಅದರಲ್ಲಿ ಬೇರೆ ಬೇರೆ ಪ್ರಭೇದಗಳಿವೆ. ಒಂದು ಪ್ರಭೇದವನ್ನು ತಡೆದುಕೊಳ್ಳುವ ಗಿಡ ಇನ್ನೊಂದಕ್ಕೆ ಶರಣಾಗುತ್ತದೆ ಎಂಬುದೇ ಆ ಸಂಗತಿ. ತಳಿಗಳು ಒಂದರ ಹಿಂದೊಂದು ಏಕೆ ಸೋಲುತ್ತಿವೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಹೀಗೆ, ಮಲೆನಾಡಿನ ಒಂದು ಪ್ರಯೋಗ ತಾಕಿನಲ್ಲಿ. ಕಾಫಿ ಬೆಳೆಯುವ ಎಲ್ಲ ದೇಶಗಳ ತಳಿ ಸಂಶೋಧನೆಯೂ ಆ ಬಳಿಕ ಈ ತಿಳಿವಳಿಕೆಯ ಮೇಲೆಯೇ ನಿಂತಿತು.

ಪೋರ್ಚುಗಲ್‌ನ ಪಾಠ

ಪ್ರಭೇದಗಳು ಹಲವಾರಿದ್ದರೆ ಅವುಗಳನ್ನೆಲ್ಲ ಒಂದೆಡೆ ಇರಿಸಿ ಪರೀಕ್ಷಿಸಬೇಕು. ಆದರೆ ಕಾಫಿ ಬೆಳೆಯುವ ಯಾವುದೇ ದೇಶದಲ್ಲಿ ಹಾಗೆ ಮಾಡುವುದೆಂದರೆ ಬೆಂಕಿಯೊಡನೆ ಸರಸವಾಡಿದಂತೆ. ಪ್ರಯೋಗಾಲಯದಿಂದ ಹೊರಬಿದ್ದ ಹೊಸ ಪ್ರಭೇದ ಅಕ್ಕಪಕ್ಕದ ತೋಟಗಳನ್ನೇ ನುಂಗಿಬಿಡಬಹುದು. ಇದಕ್ಕೆ ದೊರೆತ ಪರಿಹಾರ ಸರಳವಾದುದು. ಕಾಫಿಯನ್ನೇ ಬೆಳೆಯದ ದೇಶವೊಂದರಲ್ಲಿ ಈ ಕೆಲಸ ನಡೆಯಬೇಕು. 1955ರಲ್ಲಿ ಪೋರ್ಚುಗಲ್‌ನ ಓಯರಾಸ್ ಎಂಬಲ್ಲಿ ಅಂತಾರಾಷ್ಟ್ರೀಯ ಕಾಫಿ ತುಕ್ಕು ರೋಗ ಸಂಶೋಧನಾ ಕೇಂದ್ರ ಆರಂಭವಾಯಿತು. ಈಗ ಅದು ಲಿಸ್ಬನ್ ವಿಶ್ವವಿದ್ಯಾಲಯದ ಭಾಗ. ಕಾಫಿ ಬೆಳೆಯುವ ದೇಶಗಳು ರೋಗ ತಗುಲಿದ ಎಲೆಗಳ ಮಾದರಿಯನ್ನು ಅಲ್ಲಿಗೆ ಕಳುಹಿಸುತ್ತವೆ. ಕೇಂದ್ರ ಅದರ ಪ್ರಭೇದವನ್ನು ಗುರುತಿಸುತ್ತದೆ. ರೋಗ ತಡೆದುಕೊಳ್ಳುವ ಗಿಡಗಳ ಬೀಜವನ್ನು ಮರಳಿ ಕಳುಹಿಸುತ್ತದೆ. ಇದುವರೆಗೆ ಗುರುತಿಸಲಾಗಿರುವ ಪ್ರಭೇದಗಳ ಸಂಖ್ಯೆ 50ನ್ನು ಮೀರಿದೆ.

ಈ ಕೊಡು-ಕೊಳ್ಳುವಿಕೆಯ ಫಲ ಚಿಕ್ಕಮಗಳೂರಿನ ತೋಟಗಳಲ್ಲಿ ಕಣ್ಣೆದುರಿಗಿದೆ. ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಟಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗಿಯೇ ಬೆರೆತು ಹುಟ್ಟಿದ ಗಿಡವೊಂದು ರೋಗ ನಿರೋಧಕ ಗುಣದಿಂದ ಹೆಸರಾಯಿತು. ಆ ‘ಟಿಮೋರ್ ಸಂಕರ’ದ ವಂಶದಿಂದಲೇ ಬಂದದ್ದು ಮಲೆನಾಡಿನ ಬೆಳೆಗಾರರಿಗೆಲ್ಲ ಪರಿಚಿತವಾದ ‘ಕಾವೇರಿ’ ತಳಿ. 2007ರಲ್ಲಿ ಬಿಡುಗಡೆಯಾದ ‘ಚಂದ್ರಗಿರಿ’ಯೂ ಅದೇ ವಂಶದ್ದು.

ಇಲ್ಲಿಂದ ಹೊರಗೆ ಹೋದದ್ದೂ ಕಡಿಮೆಯಲ್ಲ. ಮೈಸೂರಿನ ತೋಟವೊಂದರಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಯ್ದ ‘ಕೆಂಟ್ಸ್’ ತಳಿ ಪೂರ್ವ ಆಫ್ರಿಕಕ್ಕೆ ಹೋಯಿತು. 1940ರ ದಶಕದಲ್ಲಿ ಬಾಳೆಹೊನ್ನೂರು ಬಿಡುಗಡೆ ಮಾಡಿದ ‘ಎಸ್. 795’ ಇಂದಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ವ್ಯಾಪಕವಾಗಿದೆ. ಇಂಡೊನೇಷ್ಯಾದ ರೈತರೂ ಅದನ್ನು ಬೆಳೆಯುತ್ತಾರೆ. ಲೈಬೀರಿಕಾ ಜಾತಿಯಿಂದ ಆ ತಳಿಗೆ ಬಂದ ರೋಗ ನಿರೋಧಕ ಗುಣ ಜಗತ್ತಿನ ತಳಿ ವಿಜ್ಞಾನಿಗಳಿಗೆ ಇಂದಿಗೂ ಅಮೂಲ್ಯವಾದುದು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಲೆಕ್ಕ ಇಡದಿದ್ದ ಕಾಲ ಅದು. ಆದರೂ ಎರಡೂ ಕಡೆಗೆ ಲಾಭವಾಯಿತು. ಕಾರಣ ಸ್ಪಷ್ಟ. ಸಹಯೋಗ ಕೂಡಿಬಂದದ್ದು ಒಪ್ಪಂದದ ಕಾಗದದ ಸುತ್ತ ಅಲ್ಲ, ಎಲ್ಲರಿಗೂ ಸಮಾನವಾದ ಒಂದು ಕಷ್ಟದ ಸುತ್ತ.

ಕಾಂಡಕೊರಕದ ಬೆನ್ನುಹತ್ತಿ

ಇನ್ನೊಂದು ಪ್ರಕರಣ ಇಷ್ಟು ಸುಖಾಂತವಲ್ಲ. ಅರೇಬಿಕಾ ಬೆಳೆಗಾರನ ನಿದ್ದೆ ಕೆಡಿಸುವ ಬಿಳಿ ಕಾಂಡಕೊರಕ ಗಿಡದ ಕಾಂಡದೊಳಗೆ ಸುರಂಗ ಕೊರೆದು ಒಳಗಿನಿಂದಲೇ ಕೊಲ್ಲುವ ಕೀಟ. ಹೊರಗಿನಿಂದ ಸಿಂಪಡಿಸುವ ಔಷಧಿ ಅದನ್ನು ಮುಟ್ಟುವುದೇ ಇಲ್ಲ. ಬ್ರಿಟನ್ನಿನ ಗ್ರೀನಿಚ್ ವಿಶ್ವವಿದ್ಯಾಲಯದ ನೈಸರ್ಗಿಕ ಸಂಪನ್ಮೂಲ ಸಂಸ್ಥೆ ಮತ್ತು ಭಾರತದ ಕಾಫಿ ವಿಜ್ಞಾನಿಗಳು ಕೂಡಿ, ಈ ಕೀಟದ ಗಂಡು ಹೆಣ್ಣನ್ನು ಸೆಳೆಯಲು ಹೊರಸೂಸುವ ವಾಸನೆಯ ರಾಸಾಯನಿಕ ಯಾವುದೆಂದು ಪತ್ತೆಹಚ್ಚಿದರು. ಅದರ ವಿವರ 2006ರಲ್ಲಿ ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವಾಸನೆಯ ಬಲೆಗಳು ತೋಟಗಳಿಗೂ ಬಂದವು.

ಆದರೆ ಕೀಟ ಬಗ್ಗಲಿಲ್ಲ. ಬಲೆ ಕೀಟದ ಓಡಾಟವನ್ನು ತಿಳಿಯಲು ನೆರವಾಯಿತೇ ಹೊರತು ಹಾವಳಿಯನ್ನು ನಿಲ್ಲಿಸಲಿಲ್ಲ. ಇಂದಿಗೂ ಬೆಳೆಗಾರರು ನೆಚ್ಚಿರುವುದು ಹಳೆಯ ಕ್ರಮವನ್ನೇ. ಕೀಟ ಹೊರಡುವ ಕಾಲಕ್ಕೆ ಮುಂಚಿತವಾಗಿ ಬಾಧಿತ ಗಿಡಗಳನ್ನು ಗುರುತಿಸಿ, ಕಿತ್ತು, ಸುಡಬೇಕು. ತೋಟಕ್ಕೆ ನೆರಳು ಸಾಕಷ್ಟಿರಬೇಕು. ಕೂಲಿಯಾಳುಗಳು ಸಿಗದ ಈ ದಿನಗಳಲ್ಲಿ ಇದೇ ಕೆಲಸ ಭಾರವಾಗಿದೆ. ಹಲವರು ಅರೇಬಿಕಾವನ್ನು ಕೈಬಿಟ್ಟು ರೊಬಸ್ಟಾಕ್ಕೋ ಅಡಿಕೆಗೋ ತಿರುಗಿದ್ದಾರೆ.

ಇದರರ್ಥ ಸಂಶೋಧನೆ ವ್ಯರ್ಥವಾಯಿತೆಂದಲ್ಲ. ವಿಜ್ಞಾನದಲ್ಲಿ ಅರ್ಧ ದಾರಿಯೂ ದಾರಿಯೇ. ಆದರೆ ಗಮನಿಸಬೇಕಾದ ಅಂಶ ಬೇರೆಯಿದೆ. ವಿದೇಶಿ ಸಹಯೋಗಗಳು ಬಹುತೇಕ ಯೋಜನೆಗಳ ರೂಪದಲ್ಲಿ ಬರುತ್ತವೆ. ಮೂರು ವರ್ಷವೋ ಐದು ವರ್ಷವೋ ಕಳೆದ ಮೇಲೆ ಅನುದಾನ ಮುಗಿಯುತ್ತದೆ. ಕಾಂಡಕೊರಕಕ್ಕೆ ಅಂತಹ ಗಡುವಿಲ್ಲ. ಯೋಜನೆ ಮುಗಿದ ಮರುದಿನ ಪ್ರಯೋಗವನ್ನು ಮುಂದುವರಿಸಲು ಸ್ಥಳದಲ್ಲೇ ಇರುವ ಕಾಲೇಜು, ಸ್ಥಳದಲ್ಲೇ ಇರುವ ವಿದ್ಯಾರ್ಥಿಗಳು ಬೇಕು. ಈ ಕೊಂಡಿಯೇ ಮಲೆನಾಡಿನಲ್ಲಿ ದುರ್ಬಲವಾಗಿರುವುದು.

ಟೆನ್ನೆಸಿಯಿಂದ ಪೊನ್ನಂಪೇಟೆಯವರೆಗೆ

ಸ್ಥಳೀಯ ಕೊಂಡಿಯೊಂದನ್ನು ಹೇಗೆ ಕಟ್ಟಬಹುದೆಂಬುದಕ್ಕೆ ರಾಜ್ಯದಲ್ಲೇ ನಿದರ್ಶನವಿದೆ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಬೆಂಬಲಕ್ಕೆ ನಿಂತದ್ದು ಅಮೆರಿಕದ ಟೆನ್ನೆಸಿ ವಿಶ್ವವಿದ್ಯಾಲಯ. ಅಮೆರಿಕ ಸರ್ಕಾರದ ನೆರವಿನ ಯೋಜನೆಯಡಿ ಅಲ್ಲಿನ ಪ್ರಾಧ್ಯಾಪಕರು ಇಲ್ಲಿಗೆ ಬಂದರು. ಇಲ್ಲಿನ ಅಧ್ಯಾಪಕರು ಉನ್ನತ ವ್ಯಾಸಂಗಕ್ಕೆ ಅಲ್ಲಿಗೆ ಹೋದರು. ಮೊದಲ ಕುಲಪತಿ ಕೆ. ಸಿ. ನಾಯಕ್ ಅವರ ಅವಧಿಯಲ್ಲಿ ಬೋಧನೆ, ಸಂಶೋಧನೆ ಮತ್ತು ವಿಸ್ತರಣೆ ಎಂಬ ಮೂರೂ ಕೆಲಸಗಳು ಒಂದೇ ಸೂರಿನಡಿ ಬಂದವು. ಪ್ರಾಧ್ಯಾಪಕರು ತರಗತಿಯಲ್ಲಿ ಪಾಠ ಹೇಳಿದರಷ್ಟೇ ಸಾಲದು, ಹೊಲಕ್ಕೂ ಹೋಗಬೇಕೆಂಬ ಅಮೆರಿಕದ ಕೃಷಿ ವಿಶ್ವವಿದ್ಯಾಲಯಗಳ ತತ್ತ್ವ ಇಲ್ಲಿ ಬೇರೂರಿತು. ಅತಿಥಿಗಳು ಹಿಂದಿರುಗಿದ ಮೇಲೂ ವಿಶ್ವವಿದ್ಯಾಲಯ ತನ್ನ ಕಾಲಿನ ಮೇಲೆ ನಿಂತಿತು. ಸಹಯೋಗದ ಯಶಸ್ಸಿಗೆ ಇದಕ್ಕಿಂತ ಉತ್ತಮ ಅಳತೆಗೋಲು ಇರಲಾರದು.

ಎರಡನೆಯ ನಿದರ್ಶನ ಕಾಫಿ ಸೀಮೆಯದೇ. ಕೊಡಗಿನ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಸಣ್ಣ ಊರೊಂದರ ಸರ್ಕಾರಿ ಕಾಲೇಜು. ಆದರೂ ಯುರೋಪಿಯನ್ ಒಕ್ಕೂಟದ ಹಣಕಾಸಿನ ನೆರವಿನಿಂದ ಮಧ್ಯ ಅಮೆರಿಕ, ಪೂರ್ವ ಆಫ್ರಿಕ ಮತ್ತು ಭಾರತದ ಕಾಫಿ ಸೀಮೆಗಳಲ್ಲಿ ಏಕಕಾಲಕ್ಕೆ ನಡೆದ ‘ಕ್ಯಾಫ್‌ನೆಟ್’ ಅಧ್ಯಯನದಲ್ಲಿ ಅದು ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳ ಜತೆಗೂಡಿ ದುಡಿಯಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಾಂತ್ರಿಕ ವಿಶ್ವವಿದ್ಯಾಲಯದ ವಿಜ್ಞಾನಿಗಳೊಡನೆ ಕಾಫಿ ಹೂವಿನ ಪರಾಗಸ್ಪರ್ಶ ಹಾಗೂ ಜೇನ್ನೊಣಗಳ ಬಗ್ಗೆ ಕೆಲಸ ಮಾಡಿತು. ಹೂಮಳೆ, ದೇವರಕಾಡು, ನೆರಳು ಮರ, ಜೇನು ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುವ ಬಗೆಯನ್ನು ಹೊರಗಿನವರಿಗೆ ತೋರಿಸಿಕೊಡಬಲ್ಲವರು ಸ್ಥಳದಲ್ಲಿ ಇದ್ದುದರಿಂದಲೇ ಆ ಅಧ್ಯಯನಗಳು ಸಾಧ್ಯವಾದವು.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಇದಕ್ಕೆ ಸಮನಾದ ನೆಲೆ ಇಲ್ಲವೆಂದಲ್ಲ. ಮೂಡಿಗೆರೆಯಲ್ಲಿ ತೋಟಗಾರಿಕಾ ಮಹಾವಿದ್ಯಾಲಯವೂ ಸಂಶೋಧನಾ ಕೇಂದ್ರವೂ ಇವೆ. 2012ರಲ್ಲಿ ರೂಪುಗೊಂಡ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಪೊನ್ನಂಪೇಟೆ ಮತ್ತು ಮೂಡಿಗೆರೆ ಎರಡೂ ಬಂದಿವೆ. ಜಿಲ್ಲೆಯ ಪದವಿ ಕಾಲೇಜುಗಳ ಮಾತೃಸಂಸ್ಥೆಯಾಗಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ 1987ರಿಂದ ಇದೆ. ಶತಮಾನದ ಅನುಭವವಿರುವ ಬಾಳೆಹೊನ್ನೂರು ನಡುವೆಯೇ ಇದೆ. ಸಂಸ್ಥೆಗಳಿಗೆ ಕೊರತೆಯಿಲ್ಲ. ಇವುಗಳನ್ನು ಒಂದೇ ಮೇಜಿನ ಸುತ್ತ ಕೂಡಿಸಿ ಹೊರದೇಶದ ವಿಶ್ವವಿದ್ಯಾಲಯದೊಡನೆ ಮಾತಿಗೆ ಕೂರಿಸುವ ಏರ್ಪಾಡಿಗಷ್ಟೇ ಕೊರತೆ.

ಶ್ರೇಯಾಂಕದ ಬಾಗಿಲು

ಹೊಸ ನಿಯಮಗಳು ಈ ಕೊರತೆಯನ್ನು ನೀಗಿಸುತ್ತವೆಯೇ ಎಂಬುದು ಮುಂದಿನ ಪ್ರಶ್ನೆ. ವಿದೇಶಿ ಸಂಸ್ಥೆಗಳ ಜತೆಗೂಡಿ ಜಂಟಿ ಪದವಿ, ದ್ವಿಪದವಿ ಮುಂತಾದ ಕೋರ್ಸುಗಳನ್ನು ನಡೆಸಲು ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ನಿಯಮಾವಳಿ ರೂಪಿಸಿತು. ಅದರಂತೆ ನ್ಯಾಕ್ ಮೌಲ್ಯಮಾಪನದಲ್ಲಿ ಕನಿಷ್ಠ 3.01 ಅಂಕ ಪಡೆದ ಅಥವಾ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯಲ್ಲಿ ಮೊದಲ 100ರೊಳಗಿರುವ ವಿಶ್ವವಿದ್ಯಾಲಯಗಳು ಹಾಗೂ ಶ್ರೇಷ್ಠತಾ ಸಂಸ್ಥೆಗಳು, ಜಾಗತಿಕ ಪಟ್ಟಿಯ ಮೊದಲ 1000ದೊಳಗಿರುವ ವಿದೇಶಿ ಸಂಸ್ಥೆಗಳೊಡನೆ ಆಯೋಗದ ಪ್ರತ್ಯೇಕ ಅನುಮತಿಯಿಲ್ಲದೆಯೇ ಕೈಜೋಡಿಸಬಹುದು. ಉಳಿದವು ಅನುಮತಿ ಕೋರಿ ಅರ್ಜಿ ಹಾಕಬೇಕು. 2023ರಲ್ಲಿ ಬಂದ ಮತ್ತೊಂದು ನಿಯಮಾವಳಿ ವಿದೇಶಿ ವಿಶ್ವವಿದ್ಯಾಲಯಗಳಿಗೆ ಭಾರತದಲ್ಲೇ ಶಾಖೆ ತೆರೆಯುವ ಅವಕಾಶ ನೀಡಿತು. ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ ಶಾಖೆ ತೆರೆಯಲು 2025ರಲ್ಲಿ ಅನುಮತಿ ಪತ್ರ ಪಡೆದುಕೊಂಡಿತು.

ಈ ನಿಯಮಗಳ ಹಿಂದಿರುವ ಕಾಳಜಿಯನ್ನು ಅಲ್ಲಗಳೆಯಲಾಗದು. ವಿದೇಶಿ ಹೆಸರು ತೋರಿಸಿ ವಿದ್ಯಾರ್ಥಿಗಳನ್ನು ಮೋಸಗೊಳಿಸುವ ಸಂಸ್ಥೆಗಳನ್ನು ದೂರವಿಡಲು ಯಾವುದಾದರೊಂದು ಜರಡಿ ಬೇಕೇಬೇಕು. ಪದವಿಯ ಪ್ರಶ್ನೆ ಬಂದಾಗ ಶ್ರೇಯಾಂಕ ಆ ಜರಡಿಯಾಗಬಲ್ಲದು. ಆದರೆ ಸಂಶೋಧನಾ ಸಹಯೋಗಕ್ಕೂ ಅದೇ ಮನೋಭಾವ ಹಬ್ಬಿದರೆ ಫಲಿತಾಂಶ ಬೇರೆಯಾಗುತ್ತದೆ. ದೊಡ್ಡ ಹೆಸರು ದೊಡ್ಡ ಹೆಸರನ್ನೇ ಹುಡುಕುತ್ತದೆ. ವಿದೇಶಿ ಪ್ರಾಧ್ಯಾಪಕರ ಮಾತುಕತೆ ಬೆಂಗಳೂರಿನಲ್ಲಿ ಮುಗಿಯುತ್ತದೆ. ಬೆಟ್ಟಕ್ಕೆ ಬರುವುದು ಮಾದರಿ ಸಂಗ್ರಹಿಸುವ ತಂಡ ಮಾತ್ರ. ಎಲೆ, ಮಣ್ಣು, ಹಕ್ಕಿಗಳ ಎಣಿಕೆ, ರೈತರ ಉತ್ತರಗಳು ಇಲ್ಲಿಂದ ಇಳಿದು ಹೋಗುತ್ತವೆ. ಅವುಗಳಿಂದ ಹುಟ್ಟಿದ ಲೇಖನ ಇಂಗ್ಲಿಷಿನಲ್ಲಿ, ಹಣ ತೆತ್ತು ಓದಬೇಕಾದ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ತೋಟ ಪ್ರಯೋಗಶಾಲೆಯಾಗುತ್ತದೆ, ಬೆಳೆಗಾರ ಮಾಹಿತಿದಾರನಾಗುತ್ತಾನೆ. ಸಹಭಾಗಿ ಮಾತ್ರ ಆಗುವುದಿಲ್ಲ.

ವಿಜ್ಞಾನಿಗಳ ಉದ್ದೇಶವನ್ನು ಶಂಕಿಸಬೇಕಾಗಿಲ್ಲ. ಅವರ ಕೆಲಸದ ಫಲ ಇಲ್ಲಿನವರಿಗೆ ಬಹಳ ಬೇಕಾದುದೇ. ಬೆಂಗಳೂರಿನ ವನ್ಯಜೀವಿ ವಿಜ್ಞಾನಿಗಳು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮೊದಲಾದವುಗಳ ಸಂಶೋಧಕರೊಡಗೂಡಿ ರಾಜ್ಯದ ಪಶ್ಚಿಮ ಘಟ್ಟದ ಕಾಫಿ, ಅಡಿಕೆ ಮತ್ತು ರಬ್ಬರ್ ತೋಟಗಳಲ್ಲಿ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ತೋಟಗಳಲ್ಲಿ 204 ಜಾತಿಯ ಹಕ್ಕಿಗಳು ದಾಖಲಾದವು. ಹಕ್ಕಿಗಳ ವೈವಿಧ್ಯದಲ್ಲಿ ಕಾಫಿ ತೋಟಗಳೇ ಮುಂದಿದ್ದವು. ನೆರಳು ಮರ ಉಳಿಸಿಕೊಂಡ ಬೆಳೆಗಾರನ ಪಾಲಿಗೆ ಇದು ಪ್ರಶಸ್ತಿ ಪತ್ರವಿದ್ದಂತೆ. ಆದರೆ ಆ ಪತ್ರ ಅವನ ಕೈಗೆ, ಅವನ ಭಾಷೆಯಲ್ಲಿ ತಲುಪುವ ವ್ಯವಸ್ಥೆ ಯಾವುದೇ ಒಡಂಬಡಿಕೆಯ ಕಡ್ಡಾಯ ಅಂಗವಾಗಿಲ್ಲ.

ಈಗೇಕೆ ಈ ಮಾತು?

ಇದು ಗೌರವದ ಪ್ರಶ್ನೆಯಷ್ಟೇ ಆಗಿದ್ದರೆ ಮುಂದೂಡಬಹುದಿತ್ತು. ಆದರೆ ಈಗ ಮಾರುಕಟ್ಟೆಯೂ ಬಾಗಿಲು ತಟ್ಟುತ್ತಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ತನ್ನ ಮಾರುಕಟ್ಟೆಗೆ ಬಿಡುವುದಿಲ್ಲವೆಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಪ್ರತಿಯೊಂದು ತೋಟದ ನಿಖರ ಸ್ಥಾನ ಸೂಚಿಸಬೇಕೆಂಬುದು ಅದರ ಷರತ್ತು. ಜಾರಿ ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಲ್ಪಟ್ಟಿದ್ದರೂ ಕಾನೂನಿನ ದಿಕ್ಕು ಸ್ಪಷ್ಟವಾಗಿದೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ಮಲ್ಲಂದೂರಿನ ನೆರಳು ತುಂಬಿದ ತೋಟಕ್ಕೂ ಪಕ್ಕದ ಕಾಡಿಗೂ ವ್ಯತ್ಯಾಸ ಗುರುತಿಸುವುದು ಸುಲಭವಲ್ಲ. ತಲೆಮಾರುಗಳಿಂದ ತೋಟವಾಗಿರುವ ಜಾಗವನ್ನು ಕಾಡೆಂದು, ಅಲ್ಲಿ ನೆರಳು ಮರ ಕಸಿ ಮಾಡಿದ್ದನ್ನು ಕಾಡು ಕಡಿದದ್ದೆಂದು ತಪ್ಪಾಗಿ ಎಣಿಸಿದರೆ ನಷ್ಟ ಬೆಳೆಗಾರನದು. ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನ ಸಣ್ಣ ಹಿಡುವಳಿದಾರರು. ಪುರಾವೆ ಒದಗಿಸುವ ಶಕ್ತಿ ಅವರಲ್ಲಿ ಒಬ್ಬೊಬ್ಬರಿಗೆ ಇಲ್ಲ. ಯುರೋಪಿನ ವಿಶ್ವವಿದ್ಯಾಲಯಗಳು ಒಪ್ಪುವ ಕ್ರಮದಲ್ಲಿ, ಇಲ್ಲಿನ ಕಾಲೇಜುಗಳು ಸಿದ್ಧಪಡಿಸಿದ ನೆರಳು ಮರಗಳ ದಾಖಲೆಯೊಂದಿದ್ದರೆ ಅದೇ ಅವರ ಸಾಕ್ಷಿಯಾಗಬಲ್ಲದು.

ತಳಿಯ ವಿಷಯದಲ್ಲೂ ಸಮಯ ಕಾಯುತ್ತಿಲ್ಲ. ಮಳೆಯ ಕ್ರಮ ತಪ್ಪಿದೆ. ಕೊಯ್ಲಿನ ಕಾಲದಲ್ಲಿ ಸುರಿಯುವ ಮಳೆ ಹಣ್ಣನ್ನು ಉದುರಿಸುತ್ತಿದೆ. ಒಂದು ಕಾಲದಲ್ಲಿ ರೋಗಕ್ಕೆ ಬಗ್ಗದಿದ್ದ ಕಾವೇರಿ ತಳಿ ಈಗ ತುಕ್ಕಿಗೆ ಈಡಾಗುತ್ತಿದೆ. ‘ವರ್ಲ್ಡ್ ಕಾಫಿ ರಿಸರ್ಚ್’ ಸಂಸ್ಥೆ 2022ರಲ್ಲಿ ಆರಂಭಿಸಿದ ತಳಿ ಅಭಿವೃದ್ಧಿ ಜಾಲದಲ್ಲಿ ಕೆನ್ಯಾ, ಇಂಡೊನೇಷ್ಯಾ, ಪೆರು ಮುಂತಾದ ದೇಶಗಳೊಡನೆ ಭಾರತವೂ ಸೇರಿದೆ. ಓಯರಾಸ್‌ನ ಪಾಠ ಮತ್ತೆ ಬಳಕೆಗೆ ಬಂದಿದೆ ಎನ್ನಬಹುದು. ಆದರೆ ಹೊಸ ತಳಿಯನ್ನು ಮಲ್ಲಂದೂರಿನ ಎತ್ತರದಲ್ಲಿ, ಕಳಸದ ಮಳೆಯಲ್ಲಿ, ಮೂಡಿಗೆರೆಯ ಮಣ್ಣಿನಲ್ಲಿ ವರ್ಷಗಟ್ಟಲೆ ಗಮನಿಸುವವರು ಯಾರು? ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳನ್ನು ಬಿಟ್ಟು ಈ ಕೆಲಸಕ್ಕೆ ಬೇರೆ ಜನ ಇಲ್ಲ. ಓದಿದ ಮಕ್ಕಳು ಬೆಂಗಳೂರಿಗೆ ಹೊರಟು ತೋಟಗಳು ಹಿರಿಯರ ಪಾಲಿಗೆ ಉಳಿಯುತ್ತಿರುವ ಮಲೆನಾಡಿನಲ್ಲಿ, ಊರಿನಲ್ಲಿದ್ದುಕೊಂಡೇ ಜಗತ್ತಿನ ವಿಜ್ಞಾನದಲ್ಲಿ ಪಾಲ್ಗೊಳ್ಳುವ ಅವಕಾಶ ಸಣ್ಣದೇನಲ್ಲ.

ಒಪ್ಪಂದದಲ್ಲಿ ಇರಬೇಕಾದ ಮೂರು ಮಾತು

ಹಾಗಾದರೆ ಆಗಬೇಕಾದುದೇನು? ಹೊಸ ವಿಶ್ವವಿದ್ಯಾಲಯವಾಗಲಿ, ಭಾರಿ ಅನುದಾನವಾಗಲಿ ಮೊದಲ ಅಗತ್ಯವಲ್ಲ. ಕಾಫಿ ಸೀಮೆಯಲ್ಲಿ ನಡೆಯುವ ಪ್ರತಿಯೊಂದು ವಿದೇಶಿ ಸಹಯೋಗದ ಪತ್ರದಲ್ಲೂ ಮೂರು ಮಾತುಗಳು ಸೇರಿದರೆ ಅರ್ಧ ಕೆಲಸ ಆದಂತೆ.

ಮೊದಲನೆಯದು, ಸ್ಥಳೀಯ ಕಾಲೇಜಿನ ಪಾಲ್ಗೊಳ್ಳುವಿಕೆ. ಜಿಲ್ಲೆಯ ಒಂದು ಸಂಸ್ಥೆಯಾದರೂ ಸಹ ಸಂಶೋಧಕನ ಸ್ಥಾನದಲ್ಲಿರಬೇಕು. ಅಲ್ಲಿನ ಅಧ್ಯಾಪಕರ, ವಿದ್ಯಾರ್ಥಿಗಳ ಹೆಸರು ಲೇಖನದಲ್ಲಿ ಕೃತಜ್ಞತೆಯ ಸಾಲಿಗೆ ಸೀಮಿತವಾಗದೆ ಲೇಖಕರ ಸಾಲಿನಲ್ಲಿ ಬರಬೇಕು. ಪ್ರಯೋಗಾಲಯ ದೊಡ್ಡದಿಲ್ಲವೆಂಬ ಆಕ್ಷೇಪಕ್ಕೆ ಪೊನ್ನಂಪೇಟೆಯೇ ಉತ್ತರ.

ಎರಡನೆಯದು, ಫಲಿತಾಂಶ ಕನ್ನಡದಲ್ಲಿ ಮರಳಿ ಬರಬೇಕು. ಹಕ್ಕಿ, ಕೀಟ, ಪರಿಸರಗಳ ವಿಜ್ಞಾನವನ್ನು ಸಾಮಾನ್ಯ ಓದುಗನಿಗೆ ಒಪ್ಪುವ ಕನ್ನಡದಲ್ಲಿ ಹೇಳಬಹುದೆಂದು ಮೂಡಿಗೆರೆಯ ತೋಟದಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿ ತೋರಿಸಿಕೊಟ್ಟಿದ್ದಾರೆ. ಭಾಷೆಗೆ ಶಕ್ತಿ ಸಾಲದೆಂಬ ನೆಪ ಆ ನೆಲದಲ್ಲಿ ಸಲ್ಲದು. ಯೋಜನೆಯ ವೆಚ್ಚದಲ್ಲಿ ಒಂದು ಸಣ್ಣ ಅಂಶವನ್ನು ಇದಕ್ಕೆ ಮೀಸಲಿಟ್ಟರೂ ಸಾಕು.

ಮೂರನೆಯದು, ಬೀಜ ಮತ್ತು ಮಾಹಿತಿಯ ಹಕ್ಕು. ಲೆಕ್ಕವಿಡದೆ ತಳಿ ಹಂಚಿಕೊಂಡ ಕಾಲ ಮುಗಿದಿದೆ. 2002ರ ಜೀವವೈವಿಧ್ಯ ಕಾಯ್ದೆ ವಿದೇಶಿಯರು ಇಲ್ಲಿನ ಜೈವಿಕ ಸಂಪನ್ಮೂಲ ಬಳಸಲು ಅನುಮತಿ ಕಡ್ಡಾಯಗೊಳಿಸಿದೆ. ಸರ್ಕಾರದ ಮಾರ್ಗಸೂಚಿಗೆ ಒಳಪಟ್ಟ ಸಂಸ್ಥೆಗಳ ನಡುವಣ ಸಹಯೋಗದ ಸಂಶೋಧನೆಗೆ ವಿನಾಯಿತಿಯನ್ನೂ ಕೊಟ್ಟಿದೆ. ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ವಿನಾಯಿತಿ ದೊರೆತ ಯೋಜನೆಗಳ ವಿವರವೂ ಆ ಸಮಿತಿಗೆ ತಲುಪುವಂತಾದರೆ ತಮ್ಮ ತೋಟದಿಂದ ಏನು ಹೋಯಿತು, ಏಕೆ ಹೋಯಿತು ಎಂಬುದು ಊರಿನವರಿಗೆ ತಿಳಿಯುತ್ತದೆ. ಅನುಮಾನ ಹುಟ್ಟುವುದೇ ತಿಳಿಯದಿದ್ದಾಗ. ಅತಿಯಾದ ನಿರ್ಬಂಧ ಹೇರಿ ಬಾಗಿಲು ಮುಚ್ಚುವುದೂ ಜಾಣತನವಲ್ಲ. ಟಿಮೋರಿನ ಗಿಡ ಇಲ್ಲಿಗೆ ಬಾರದೆ ಇದ್ದಿದ್ದರೆ ಕಾವೇರಿಯೂ ಇಲ್ಲ, ಚಂದ್ರಗಿರಿಯೂ ಇಲ್ಲ.

ಈ ಮೂರೂ ಮಾತುಗಳಿಗೆ ಕೇಂದ್ರದ ನಿಯಮ ಬದಲಾಗಬೇಕೆಂದು ಕಾಯಬೇಕಾಗಿಲ್ಲ. ಕಾಫಿ ಮಂಡಳಿ, ಶಿವಮೊಗ್ಗದ ಎರಡು ವಿಶ್ವವಿದ್ಯಾಲಯಗಳು ಮತ್ತು ರಾಜ್ಯ ಉನ್ನತ ಶಿಕ್ಷಣ ಇಲಾಖೆ ಕೂಡಿ ನಿರ್ಧರಿಸಿದರೆ ಮುಂದಿನ ಒಡಂಬಡಿಕೆಯಿಂದಲೇ ಜಾರಿಗೆ ತರಬಹುದು. 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಕಾಫಿ ಸಮ್ಮೇಳನ ಏಷ್ಯಾದಲ್ಲೇ ಮೊದಲ ಬಾರಿಗೆ ಬೆಂಗಳೂರಿನಲ್ಲಿ ನಡೆದಾಗ ಜಗತ್ತಿನ ಕಾಫಿ ಲೋಕ ಕರ್ನಾಟಕದತ್ತ ನೋಡಿತು. ಆ ನೋಟ ರಾಜಧಾನಿಯಲ್ಲೇ ನಿಲ್ಲದೆ ಬೆಟ್ಟ ಹತ್ತಬೇಕಾಗಿದೆ.

ಏಳು ಬೀಜಗಳ ಕಥೆಯಲ್ಲಿ ಜನ ನೆನಪಿಟ್ಟುಕೊಂಡಿರುವುದು ಬೀಜ ತಂದವರ ಹೆಸರನ್ನು ಮಾತ್ರ. ಅವನ್ನು ಮೊಳಕೆಯೊಡೆಸಿ, ನೆರಳು ಕೊಟ್ಟು, ತಲೆಮಾರಿನಿಂದ ತಲೆಮಾರಿಗೆ ಕಾಪಾಡಿದವರ ಹೆಸರು ಯಾವ ಕಥೆಯಲ್ಲೂ ಇಲ್ಲ. ವಿಶ್ವವಿದ್ಯಾಲಯಗಳ ಹೊಸ ಒಪ್ಪಂದಗಳಲ್ಲಿ ಆ ಲೋಪ ಮರುಕಳಿಸದಂತೆ ನೋಡಿಕೊಳ್ಳುವುದು ಸಹಿ ಹಾಕುವವರ ಹೊಣೆ.